ಒಂದೇ ಪರದೆಯಲ್ಲಿ ಕಂಪ್ಯೂಟರ್ ಮತ್ತು ಟಿ.ವಿ.

ಪ್ರಶ್ನೆ: ನಮ್ಮ ಚಿಕ್ಕ ಮನೆಯಲ್ಲಿ ಕಂಪ್ಯೂಟರ್, ಟಿ.ವಿ. ಎರಡಕ್ಕೂ ಜಾಗವಿಲ್ಲ. ಕಂಪ್ಯೂಟರ್‌ನಲ್ಲೇ ಟಿ.ವಿ. ತೋರಿಸುವ ಹಳೆಯ ಟ್ಯೂನರ್ ಕಾರ್ಡ್ ಒಂದು ಅಗ್ಗಕ್ಕೆ ಸಿಗುತ್ತಿದೆ. ಅದರ ಜೊತೆಗೆ 32 ಇಂಚಿನ ಮಾನಿಟರ್ ಕೊಳ್ಳಬಹುದೇ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಆ ಕಾರ್ಡನ್ನು ದಯವಿಟ್ಟು ಕೊಳ್ಳಬೇಡಿ. ಅದು ಅನಲಾಗ್ ಕೇಬಲ್ ಕಾಲದ್ದು. ಈಗ ಕೇಬಲ್‌ನಲ್ಲಿ ಬರುವುದು ಗೂಢಲಿಪಿಯಲ್ಲಿರುವ ಡಿಜಿಟಲ್ ಸಂಕೇತವಾದ್ದರಿಂದ, ಅದನ್ನು ಬಿಡಿಸಲು ಕೇಬಲ್‌ನವರು ಕೊಡುವ ಸೆಟ್‌ಟಾಪ್ ಬಾಕ್ಸೇ ಬೇಕು. ಆ ಬಾಕ್ಸನ್ನು ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಎಚ್‌ಡಿಎಂಐ ತಂತಿಯಿಂದ ನೇರವಾಗಿ ಮಾನಿಟರ್‌ಗೆ ಜೋಡಿಸಿದರೆ, ಕಂಪ್ಯೂಟರ್ ಆಫ್ ಆಗಿದ್ದರೂ ವಾರ್ತೆ ನೋಡಬಹುದು. ಕೆಂಪು, ಬಿಳಿ, ಹಳದಿ ತಂತಿಗಳ ಹಳೆಯ ಬಾಕ್ಸ್ ಇದ್ದರೆ ಮಾತ್ರ ಅದನ್ನು ಬದಲಾಯಿಸಿಕೊಡಲು ಕೇಳಿ. ದೂರದರ್ಶನದ ಉಚಿತ ಉಪಗ್ರಹ ಸೇವೆಯಾದ ಡಿಡಿ ಫ್ರೀ ಡಿಶ್ ಮಾತ್ರ ಸಾಕೆನ್ನುವವರಿಗೆ, ಉಪಗ್ರಹ ಸಂಕೇತವನ್ನು ಕಂಪ್ಯೂಟರ್‌ಗೆ ತರುವ ಡಿವಿಬಿ-ಎಸ್2 ಯುಎಸ್‌ಬಿ ಟ್ಯೂನರ್ ಉಪಯೋಗಕ್ಕೆ ಬರುತ್ತದೆ.

ಮಾನಿಟರ್‌ನ ಅಳತೆಯ ಬಗ್ಗೆ ಹೆಚ್ಚು ಯೋಚಿಸಬೇಕು. ಚಿತ್ರ ಮೂಡಿಸುವ 1920×1080 (ಅಡ್ಡ × ಎತ್ತರ) ಚುಕ್ಕಿಗಳು 24 ಇಂಚಿನಲ್ಲಿ ಹರಡಿದಾಗ ಇಂಚಿಗೆ ಸುಮಾರು 92 ಚುಕ್ಕಿಗಳಾಗುತ್ತವೆ. 32 ಇಂಚಿನಲ್ಲಿ ಅವು 69ಕ್ಕೆ ಇಳಿಯುವುದರಿಂದ, ಒಂದು ಮೊಳ ದೂರದಲ್ಲಿ ಕುಳಿತು ಓದುವಾಗ ‘ರಾಷ್ಟ್ರ’ದಂತಹ ಪದಗಳ ಒತ್ತಕ್ಷರಗಳು ಒಡೆದಂತೆ ಕಾಣುತ್ತವೆ. ಕನ್ನಡ ಓದುವ ಕಣ್ಣಿಗೆ ಇದು ನಿಜವಾಗಿಯೂ ತೊಂದರೆ. ಆದ್ದರಿಂದ 24 ಇಂಚಿನ, ಐಪಿಎಸ್ ಎಂಬ ಬಗೆಯ ಪರದೆಯನ್ನೇ ಆರಿಸಿ. ಮನೆಮಂದಿ ಪಕ್ಕದಿಂದ ನೋಡಿದರೂ ಅದರಲ್ಲಿ ಬಣ್ಣ ಮಂಕಾಗುವುದು ಕಡಿಮೆ. ಕಂಪ್ಯೂಟರಿಗೊಂದು, ಬಾಕ್ಸಿಗೊಂದು ಎಂದು ಎರಡು ಎಚ್‌ಡಿಎಂಐ ಕಿಂಡಿಗಳಿರಲಿ. ಬಹಳಷ್ಟು ಮಾನಿಟರ್‌ಗಳಲ್ಲಿ ಸ್ಪೀಕರ್ ಇರುವುದಿಲ್ಲವಾದ್ದರಿಂದ, ಇಯರ್‌ಫೋನ್ ಸಿಕ್ಕಿಸುವ ಕಿಂಡಿ ಇದೆಯೇ ಎಂದು ಅಂಗಡಿಯಲ್ಲೇ ಹಿಂಬದಿ ತಿರುಗಿಸಿ ನೋಡಿಕೊಳ್ಳಿ.