ವಲಸೆ ಬಂದವರು ಅಮೆರಿಕದ ದೊಡ್ಡ ನಗರಕ್ಕೆ ಮೇಯರ್ ಆದದ್ದುಂಟೇ?

ಉಂಟು. ನನಗೆ ಥಟ್ಟನೆ ನೆನಪಾಗುವ ಹೆಸರು ಶಿಕಾಗೋದ ಆಂಟನ್ ಸೆರ್ಮಾಕ್. ಹುಟ್ಟಿದ್ದು 1873ರಲ್ಲಿ, ಈಗಿನ ಚೆಕ್ ಗಣರಾಜ್ಯದ ಕ್ಲಾಡ್ನೋದಲ್ಲಿ. ಮರುವರ್ಷವೇ ಹೆತ್ತವರು ಕೈಗೂಸನ್ನು ಎತ್ತಿಕೊಂಡು ಹಡಗು ಹತ್ತಿದರು. ಓದು ಅಷ್ಟಕ್ಕಷ್ಟೆ. ಹುಡುಗನಾಗಿದ್ದಾಗಲೇ ಇಲಿನಾಯ್‌ನ ಕಲ್ಲಿದ್ದಲ ಗಣಿಗೆ ಇಳಿದರು, ಆಮೇಲೆ ಶಿಕಾಗೋದಲ್ಲಿ ಗಾಡಿಯ ಮೇಲೆ ಸೌದೆ ಮಾರಿದರು.

1931ರ ಚುನಾವಣೆಯಲ್ಲಿ ಎದುರಾಳಿ, ಆಗಿನ ಮೇಯರ್ ವಿಲಿಯಂ ಥಾಂಪ್ಸನ್, ಇವರ ಹೆಸರನ್ನೂ ತಳ್ಳುಗಾಡಿಯನ್ನೂ ಆಡಿಕೊಂಡರು. ಸೆರ್ಮಾಕ್ ಉತ್ತರ ಸೊಗಸಾಗಿತ್ತು: ನಾನು ಮೇಫ್ಲವರ್ ಹಡಗಿನಲ್ಲಿ ಬರಲಿಲ್ಲ ನಿಜ, ಆದರೆ ಆದಷ್ಟು ಬೇಗ ಬಂದೆ! (1620ರಲ್ಲಿ ಇಂಗ್ಲಿಷರನ್ನು ತಂದ ಹಡಗು ಅದು.) ಅಣಕ ಥಾಂಪ್ಸನ್‌ಗೇ ತಿರುಗುಬಾಣವಾಯಿತು ಅನ್ನಬೇಕು, ಊರಿನ ತುಂಬ ಇದ್ದವರು ವಲಸಿಗರು ಮತ್ತು ಅವರ ಮಕ್ಕಳೇ ತಾನೆ? ಚೆಕ್, ಪೋಲಿಷ್, ಯಹೂದಿ ಮತದಾರರನ್ನೆಲ್ಲ ಡೆಮಾಕ್ರಟಿಕ್ ಪಕ್ಷದಡಿ ಒಗ್ಗೂಡಿಸಿದ್ದೇ ಸೆರ್ಮಾಕ್ ಅವರ ನಿಜವಾದ ಜಾಣ್ಮೆ.

ಅಧಿಕಾರ ಎರಡು ವರ್ಷವೂ ತುಂಬಲಿಲ್ಲ. 1933ರ ಫೆಬ್ರುವರಿ 15ರಂದು ಮಯಾಮಿಯಲ್ಲಿ ನಿಯೋಜಿತ ಅಧ್ಯಕ್ಷ ರೂಸ್‌ವೆಲ್ಟ್ ಜತೆಗಿದ್ದಾಗ ಜುಸೆಪ್ಪೆ ಜಂಗಾರ ಹಾರಿಸಿದ ಗುಂಡು ತಗಲಿತು. ಮಾರ್ಚ್ 6ರಂದು ತೀರಿಕೊಂಡರು. ಗುಂಡು ಹಾರಿಸಿದವನೂ ಇಟಲಿಯಿಂದ ಬಂದ ವಲಸಿಗನೇ. ಶಿಕಾಗೋದ 22ನೇ ಬೀದಿ ಈಗ ಸೆರ್ಮಾಕ್ ರಸ್ತೆ.