ಪ್ರತಿಕ್ರಿಯೆ: ವೋಲ್ಕಾ ಡ್ರಮ್‌ನಲ್ಲಿ ಮಿಶ್ರಛಾಪು

ಕೊರ್ಗ್ ಕಂಪನಿಯ ವೋಲ್ಕಾ ಡ್ರಮ್ ಅನ್ನೋ ಎಲೆಕ್ಟ್ರಾನಿಕ್ ತಾಳಯಂತ್ರದಲ್ಲಿ 16 ಸ್ಟೆಪ್ (ಪೆಟ್ಟು ಇಡುವ ಮನೆ) ಇರುವಾಗ 7 ಅಕ್ಷರದ, ಅಂದ್ರೆ 7 ಎಣಿಕೆಯ, ಮಿಶ್ರಛಾಪು ತಾಳ ಹಾಕೋದು ಹೇಗೆ, ಮೃದಂಗದ ನಾದ ಬರುತ್ತಾ ಅಂತ ಕೇಳಿದ್ದೀರಿ.

ತಾಳ ಸಲೀಸಾಗಿ ಬರುತ್ತೆ. ಬೇಡದ ಸ್ಟೆಪ್ ಬಿಟ್ಟು ಮುಂದೆ ಹೋಗೋಕೆ ಆಕ್ಟಿವ್ ಸ್ಟೆಪ್ ಅನ್ನೋ ಸೌಲಭ್ಯ ಇದೆ. ಅದರಲ್ಲಿ ಕೊನೆಯ 2 ಸ್ಟೆಪ್ ಆಫ್ ಮಾಡಿ. ಉಳಿದ 14ರಲ್ಲಿ ಒಂದು ಅಕ್ಷರಕ್ಕೆ 2 ಸ್ಟೆಪ್. 3+2+2 ಲೆಕ್ಕದಲ್ಲಿ 1, 7, 11ನೇ ಸ್ಟೆಪ್‌ಗೆ ಒತ್ತು ಕೊಡಿ, ನಡೆ ತಾನಾಗೇ ಕೂರುತ್ತೆ. ಬಿರುಸಿನ ಸೊಲ್ಲು (ಮೃದಂಗದ ಪೆಟ್ಟಿನ ಜತಿ) ಬೇಕಾದ ಕಡೆ ಸ್ಲೈಸ್ ಅನ್ನೋ ಸೌಲಭ್ಯ ಬಳಸಿ. ಒಂದೇ ಸ್ಟೆಪ್ ಒಳಗೆ ಹಲವು ಪೆಟ್ಟು ಬೀಳುತ್ತೆ.

ನಾದದ ವಿಷಯ ಬೇರೆ. 2019ರ ಈ ಯಂತ್ರದಲ್ಲಿ ರೆಕಾರ್ಡ್ ಮಾಡಿದ ಸ್ಯಾಂಪಲ್ ಇಲ್ಲ, ಎಲ್ಲವನ್ನೂ ಯಂತ್ರವೇ ಹುಟ್ಟಿಸುವ ಧ್ವನಿ ಅಲೆ ಮತ್ತು ನಾಯ್ಸ್‌ನಿಂದಲೇ (ಸುಯ್ ಅನ್ನೋ ಸದ್ದು) ಕಟ್ಟಬೇಕು. 6 ಪಾರ್ಟ್ (ಬೇರೆ ಬೇರೆ ಸದ್ದು), ಪ್ರತಿಯೊಂದಕ್ಕೂ 2 ಲೇಯರ್ (ಪದರ). ಮೃದಂಗದ ಎಡ ಮುಖವಾದ ತೊಪ್ಪಿಗೆ ಸೈನ್ ಅಲೆ (ನಯವಾದ ಶುದ್ಧ ಸ್ವರ) ಇಟ್ಟು, ಪಿಚ್ ಸ್ವಲ್ಪ ಜಾರುವಂತೆ ಮಾಡಿ. ಗುಮಕಿಯ, ಅಂದ್ರೆ ತೊಪ್ಪಿಯ ಜಾರುವ ನಾದದ, ಛಾಯೆ ಸಿಗುತ್ತೆ. ಬಲ ಮುಖಕ್ಕೆ ಒಂದು ಲೇಯರ್‌ನಲ್ಲಿ ಚಿಕ್ಕ ನಾಯ್ಸ್, ಇನ್ನೊಂದರಲ್ಲಿ ಶ್ರುತಿಗೆ ಹೊಂದಿಸಿದ ಸೈನ್. ಆಮೇಲೆ ಆ ಸದ್ದನ್ನು ವೇವ್‌ಗೈಡ್ ಅನ್ನೋ ಅನುರಣನ ಭಾಗದ ಟ್ಯೂಬ್ (ಕೊಳವೆ) ಮಾದರಿಗೆ ತುಸು ಕಳಿಸಿ. ಅದರ ಟ್ಯೂನ್ ಗುಂಡಿಯನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ಒಂದು ಕಡೆ ಆ ಪೆಟ್ಟು ಚೆನ್ನಾಗಿ ಗುಂಯ್‌ಗುಡುತ್ತೆ. ನನಗೆ ಈ ಯಂತ್ರ ಇಷ್ಟವಾಗೋದೇ ಅದಕ್ಕೆ!

ಆದರೆ ಅಸಲಿ ಮೃದಂಗವೇ ಬೇಕು ಅಂದ್ರೆ ಇದು ಬೇಡ, ರೆಕಾರ್ಡ್ ಮಾಡಿದ ಸದ್ದನ್ನೇ ನುಡಿಸುವ ಸ್ಯಾಂಪ್ಲರ್ ನೋಡಿ. ಮತ್ತೆ, ಇದಕ್ಕೆ ಔಟ್‌ಪುಟ್ ಒಂದೇ. ಪಾರ್ಟ್‌ಗಳನ್ನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡಬೇಕಾದರೆ ಒಂದೊಂದಾಗಿ ನುಡಿಸಿಕೊಳ್ಳಬೇಕು. 9 ವೋಲ್ಟ್ ಅಡಾಪ್ಟರ್ ಪ್ರತ್ಯೇಕವಾಗಿ ಕೊಳ್ಳಬೇಕು, ಇಲ್ಲಾಂದ್ರೆ 6 ಎಎ ಸೆಲ್ ಸಾಕು.