ನಿಮ್ಮ ಮೂರನೇ ಪುಟದ ಬಗ್ಗೆ

ಪ್ರಿಯ ಲೇಖಕರೇ,

'ಖಿನ್ನತೆಗೆ ವಿಶ್ವಾಸವೇ ಮದ್ದು' ಎಂಬ ನಿಮ್ಮ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಓದಿಕೊಂಡು ಬರೆದಿದ್ದೀರಿ. ಆದರೆ ಮೂರನೇ ಪುಟಕ್ಕೆ ಬಂದಾಗ ಸಿಟ್ಟು ಬಂತು. ಒಂದು ದಿನ ಬಿಟ್ಟು ಮತ್ತೆ ಓದಿದೆ, ಇಳಿಯಲಿಲ್ಲ.

ನಿಮ್ಮ ಸಾಲು ಇದು: "ಹಳೆಯ ಸನ್ಯಾಸಿಗಳು ಅಸೀಡಿಯಾ ಎಂದದ್ದನ್ನೇ ಇಂದಿನ ವೈದ್ಯರು ಖಿನ್ನತೆ ಎನ್ನುತ್ತಾರೆ." ಆ 'ನ್ನೇ' ಇದೆಯಲ್ಲ, ತಪ್ಪಿರುವುದು ಅಲ್ಲೇ. ನಾಲ್ಕನೇ ಶತಮಾನದ ಕ್ರೈಸ್ತ ಸನ್ಯಾಸಿ ಇವಾಗ್ರಿಯಸ್ ಬರೆದದ್ದನ್ನು ನೋಡಿ. ಮರುಭೂಮಿಯ ಸನ್ಯಾಸಿಗೆ ನಡುಹಗಲಲ್ಲಿ ಹೊತ್ತೇ ಹೋಗುವುದಿಲ್ಲ. ಸೂರ್ಯ ನಿಂತಲ್ಲೇ ನಿಂತಂತೆ. ಪದೇ ಪದೇ ಕಿಟಕಿಯತ್ತ ನೋಡುತ್ತಾನೆ, ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತಾನೆ, ಎಲ್ಲ ಬಿಟ್ಟು ಓಡಿಹೋಗೋಣ ಅನಿಸುತ್ತದೆ. ಅದು ಅಸೀಡಿಯಾ. ದೇವರ ಒಳಿತಿನ ಬಗ್ಗೆಯೇ ಹುಟ್ಟುವ ಈ ಬೇಸರವನ್ನು ಹದಿಮೂರನೇ ಶತಮಾನದ ದೇವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸ್ ದೊಡ್ಡ ಪಾಪ ಎಂದದ್ದು, ಬುದ್ಧಿಯೂ ಅದಕ್ಕೆ ಒಪ್ಪಿಗೆ ಕೊಟ್ಟಾಗ ಮಾತ್ರ. ಹಾಸಿಗೆಯಿಂದ ಏಳಲಾಗದವರು, ಪ್ರಾರ್ಥಿಸಬೇಕೆಂದರೂ ಮಾತು ಹೊರಡದವರು ಯಾವುದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ, ಹೇಳಿ? ಆತ್ಮಹತ್ಯೆಯಂಥ ಮಾತು ಬಂದಾಗಲೂ, ತೀವ್ರ ಮಾನಸಿಕ ತೊಂದರೆಯಿಂದ ವ್ಯಕ್ತಿಯ ಹೊಣೆ ಕಡಿಮೆಯಾಗಬಹುದು ಎನ್ನುತ್ತದೆ 1992ರ ಕಥೋಲಿಕ ಧರ್ಮೋಪದೇಶ ಗ್ರಂಥ. ಧರ್ಮಸಭೆಯೇ ಹೊರಿಸದ ಭಾರವನ್ನು ನೀವು ಕಾಯಿಲೆಯವರ ಮೇಲೆ ಹೊರಿಸಿದ್ದೀರಿ.

ಮುಂದಿನ ಸಾಲು ಓದಿ ಇನ್ನೂ ನೋವಾಯಿತು. "ನಾವು ಆತ್ಮ, ದೇಹ ಬರೀ ಗೂಡು" ಎಂದಿದ್ದೀರಿ, ಅದೂ ಅಕ್ವಿನಾಸರ ಹೆಸರಲ್ಲಿ. ಅವರು ಹೇಳಿದ್ದು ಇದಕ್ಕೆ ಪೂರ್ತಿ ಉಲ್ಟಾ. ಬೈಬಲಿನಲ್ಲಿ ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲ ಪತ್ರದ ವ್ಯಾಖ್ಯಾನದಲ್ಲಿ "ನನ್ನ ಆತ್ಮವೇ ನಾನಲ್ಲ" ಎಂದು ಬರೆದವರು ಅವರು. ದೇಹ, ಆತ್ಮ ಎರಡೂ ಸೇರಿದರೇ ಒಬ್ಬ ಮನುಷ್ಯ. ಅದಕ್ಕೇ ದುಃಖಕ್ಕೆ ಅವರು ಹೇಳಿದ ಮದ್ದುಗಳಲ್ಲಿ ಸತ್ಯದ ಧ್ಯಾನದ ಜೊತೆಗೆ ಕಣ್ಣೀರು, ಗೆಳೆಯರು, ನಿದ್ದೆ, ಸ್ನಾನವೂ ಇವೆ. ನೀವು ಧ್ಯಾನವನ್ನಷ್ಟೇ ಎತ್ತಿಕೊಂಡಿರಿ.

ಸ್ನಾನ, ನಿದ್ದೆಯ ಮಾತಿಗೆ ಅಕ್ವಿನಾಸ್ ನೆನೆಯುವುದು ತಮಗಿಂತ ಬಹಳ ಹಿಂದಿನ ದೇವಶಾಸ್ತ್ರಜ್ಞ ಸಂತ ಅಗಸ್ಟೀನರನ್ನು. ಕ್ರಿ.ಶ. 387ರಲ್ಲಿ ತಾಯಿ ಮೋನಿಕಾ ತೀರಿಕೊಂಡಾಗ ಅವರು ಅಳು ತಡೆದುಕೊಂಡರು. ಪ್ರಾರ್ಥಿಸಿದರು, ಕಡಿಮೆಯಾಗಲಿಲ್ಲ. ಸ್ನಾನ ಮಾಡಿ ಬಂದರು, ದುಃಖ ಹಾಗೇ ಇತ್ತು. ಮಲಗಿ ಎದ್ದಾಗ ಎಷ್ಟೋ ಹಗುರಾಗಿತ್ತು. ಆಮೇಲೆ ಅತ್ತರು. ಇಷ್ಟು ದೊಡ್ಡ ವಿಶ್ವಾಸಿಗೂ ಒಂದು ರಾತ್ರಿಯ ನಿದ್ದೆ ಬೇಕಾಯಿತು, ಅಲ್ವಾ?

ಬರೆಯಲು ಶುರು ಮಾಡಿದ ದಿನಗಳಲ್ಲಿ ನಾನೂ ಒಮ್ಮೆ "ವಿಶ್ವಾಸ ಇರುವವರು ಅಳುವುದಿಲ್ಲ" ಎಂದು ಬರೆದಿದ್ದೆ. ನಮ್ಮ ಹಿರಿಯ ಸಂಪಾದಕರು ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ "ಯೇಸು ಕಣ್ಣೀರಿಟ್ಟರು" ಎಂದಷ್ಟೇ ಬರೆದು ವಾಪಸ್ ಕೊಟ್ಟರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಆಮೇಲೆ ಕೇಳಿದರು: "ಅಳು ನಿಲ್ಲದವರು ಇದನ್ನು ಓದಿದರೆ?" ನನಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿಯೇ ಕೂತು ಮೊದಲಿನಿಂದ ಬರೆದೆ.

ನೀವೂ ಮೂರನೇ ಪುಟ ಮೊದಲಿನಿಂದ ಬರೆಯಿರಿ. ಅಗಸ್ಟೀನರ ಆ ನಿದ್ದೆ ಅದರಲ್ಲಿರಲಿ. ವೈದ್ಯರ ಹತ್ತಿರ ಹೋಗಿ ಎನ್ನುವ ಮಾತೂ ಇರಲಿ, ಅಡಿಟಿಪ್ಪಣಿಯಲ್ಲಲ್ಲ, ಪ್ರಾರ್ಥನೆಯ ಮಾತಿನ ಪಕ್ಕದಲ್ಲೇ. ಕಾಯುತ್ತಿರುತ್ತೇನೆ.

ಸಂಪಾದಕ